ಅಭಿಷೇಕದ ಎಣ್ಣೆ, ಆಸ್ಪತ್ರೆಯ ಔಷಧ

ನೈರೋಬಿಗೆ ಹೊಸದಾಗಿ ಬಂದಿಳಿದ ಕನ್ನಡಿಗರು ಮೊದಲ ಭಾನುವಾರವೇ ಗಮನಿಸುವ ಸಂಗತಿಯೊಂದಿದೆ. ಬೆಳಗಿನ ಎಂಟು ಗಂಟೆಗೆಲ್ಲ ಊರಿಗೆ ಊರೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು ಆರಾಧನೆಗೆ ಹೊರಟಿರುತ್ತದೆ. ನಗರದ ನಡುವೆ ಕಲ್ಲಿನಲ್ಲಿ ಕಟ್ಟಿದ ಆಲ್ ಸೇಂಟ್ಸ್ ಕ್ಯಾಥೆಡ್ರಲ್‌ನಿಂದ ಹಿಡಿದು ಕವಂಗ್ವಾರೆ, ಕಿಬೇರಾಗಳ ತಗಡಿನ ಷೆಡ್ಡುಗಳವರೆಗೆ ಎಲ್ಲೆಲ್ಲೂ ಹಾಡು, ಚಪ್ಪಾಳೆ, ಧ್ವನಿವರ್ಧಕ. ಮಟಾಟು ಎಂದು ಕರೆಯುವ ಬಾಡಿಗೆ ವ್ಯಾನುಗಳ ಹಿಂಬದಿಯ ಗಾಜಿನ ಮೇಲೂ ದೇವರ ವಾಕ್ಯ. 2019ರ ಜನಗಣತಿಯ ಪ್ರಕಾರ ಕೆನ್ಯಾದ ಸುಮಾರು 4.75 ಕೋಟಿ ಜನರಲ್ಲಿ ನೂರಕ್ಕೆ 85 ಮಂದಿ ಕ್ರೈಸ್ತರು.

ಇಲ್ಲಿನ ಸ್ವಾಹಿಲಿ ಪ್ರಸಂಗಗಳಲ್ಲಿ ಮೂರು ಪದಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ಉಪಾಕೊ, ಉಟೀ, ಇಮಾನಿ. ಅಭಿಷೇಕ, ವಿಧೇಯತೆ, ನಂಬಿಕೆ. ಕೊನೆಯ ಪದ ಅರಬ್ಬಿಯಿಂದ ಬಂದದ್ದು; ನಮ್ಮ ಕಡೆ 'ಇಮಾನು ಉಳ್ಳವನು' ಎನ್ನುವಾಗ ಬಳಸುವುದೂ ಅದೇ ಪದವನ್ನು. ಪೇಟೆಯಲ್ಲಿ ಸಣ್ಣ ಸೀಸೆಗಳಲ್ಲಿ 'ಮಫೂಟಾ ಯಾ ಉಪಾಕೊ', ಅಂದರೆ ಅಭಿಷೇಕದ ಎಣ್ಣೆ ದೊರೆಯುತ್ತದೆ. ಅದನ್ನು ಹಣೆಗೆ ಹಚ್ಚಿಕೊಳ್ಳುವವರಿದ್ದಾರೆ, ಅಂಗಡಿಯ ಬಾಗಿಲಿಗೆ ಹಚ್ಚುವವರಿದ್ದಾರೆ, ಕೆಲಸದ ಅರ್ಜಿಗೂ ಪಾಸ್‌ಪೋರ್ಟಿಗೂ ಹಚ್ಚುವವರಿದ್ದಾರೆ.

ನಾನು ದೇವಶಾಸ್ತ್ರ ಓದಿದವನಲ್ಲ, ವೈದ್ಯ. ಬೆಟಗೇರಿಯ ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ, ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ಓದುತ್ತಿದ್ದ ಕನ್ನಡ ಸತ್ಯವೇದವನ್ನು ಕೇಳುತ್ತ ಬೆಳೆದವನು. ಆದುದರಿಂದ ನಂಬಿಕೆಯನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ನನ್ನ ಮಾತು ಇಷ್ಟೇ: ಅಭಿಷೇಕ, ವಿಧೇಯತೆ, ನಂಬಿಕೆ ಇವು ಮೂರೂ ಸತ್ಯವೇದದಲ್ಲಿ ಔಷಧದ ವೈರಿಗಳಲ್ಲ, ಪ್ರಶ್ನೆಯ ವೈರಿಗಳೂ ಅಲ್ಲ. ಅವನ್ನು ವೈರಿಗಳನ್ನಾಗಿ ಮಾಡುವವರು ಯಾರೇ ಆಗಿರಲಿ, ಅವರಿಂದ ದೂರವಿರಬೇಕು. ಪರನಾಡಿನಲ್ಲಿ ಒಂಟಿಯಾಗಿರುವವರಂತೂ ಇನ್ನಷ್ಟು ದೂರವಿರಬೇಕು.

ಮೊದಲು ಅಭಿಷೇಕವನ್ನು ನೋಡೋಣ. ಇಸ್ರಾಯೇಲಿನಲ್ಲಿ ಯಾಜಕರನ್ನೂ ಅರಸರನ್ನೂ ತಲೆಯ ಮೇಲೆ ಎಣ್ಣೆ ಹೊಯ್ದು ನೇಮಿಸುತ್ತಿದ್ದರು. ಹೀಬ್ರೂವಿನ ಮೆಸ್ಸೀಯ, ಗ್ರೀಕಿನ ಕ್ರಿಸ್ತ ಎಂಬ ಎರಡು ಪದಗಳಿಗೂ ಅಭಿಷಿಕ್ತ ಎಂದೇ ಅರ್ಥ. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಗ್ರಂಥವನ್ನು ತೆರೆದು, ತಾನು ಅಭಿಷಿಕ್ತನಾದುದು ಬಡವರಿಗೆ ಶುಭವಾರ್ತೆ ಹೇಳಲು, ಸೆರೆಯವರನ್ನು ಬಿಡಿಸಲು ಎಂದು ಸಾರಿದನೆಂದು ಲೂಕನು ಬರೆಯುತ್ತಾನೆ. ಅಂದರೆ ಎಣ್ಣೆ ಬಿದ್ದ ತಲೆಯ ಮೇಲೆ ಹೊರೆ ಬೀಳುತ್ತದೆ, ಆ ಹೊರೆ ಬೇರೆಯವರ ಸಲುವಾಗಿ ಹೊರಬೇಕಾದದ್ದು. ಅಭಿಷಿಕ್ತನಾದ ಸೌಲನು ದಾರಿ ತಪ್ಪಿದಾಗ ಸಮುವೇಲನು ಅವನ ಮುಖಕ್ಕೇ ಹೇಳಿದ. ಅಭಿಷಿಕ್ತನಾದ ದಾವೀದನು ಊರೀಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು ಊರೀಯನನ್ನು ಕೊಲ್ಲಿಸಿದಾಗ, ಪ್ರವಾದಿ ನಾತಾನನು ಅರಮನೆಗೇ ಹೋಗಿ ಅವನನ್ನು ತಪ್ಪಿತಸ್ಥನೆಂದ. ಎಣ್ಣೆ ಯಾರನ್ನೂ ಪ್ರಶ್ನೆಗೆ ಮೀರಿದವರನ್ನಾಗಿ ಮಾಡಲಿಲ್ಲ.

ಆದರೆ ಇಂದಿನ ಕೆಲವು ವೇದಿಕೆಗಳಲ್ಲಿ ನಡೆಯುವುದೇ ಬೇರೆ. ಲೆಕ್ಕ ಕೇಳಿದವರ, ಅನುಮಾನ ಪಟ್ಟವರ ಬಾಯಿ ಮುಚ್ಚಿಸಲು 105ನೆಯ ಕೀರ್ತನೆಯ ಒಂದು ವಾಕ್ಯವನ್ನು ಬಳಸುತ್ತಾರೆ. ದೇವರು ಅಭಿಷೇಕಿಸಿದವರನ್ನು ಮುಟ್ಟಕೂಡದು ಎಂಬುದು ಅದರ ತಾತ್ಪರ್ಯ. ಅದನ್ನು ಉದಾಹರಿಸುವವರು ಅದರ ಹಿಂದಿನ ಸಾಲುಗಳನ್ನು ಓದುವುದಿಲ್ಲ. ಅಲ್ಲಿ ಅಭಿಷಿಕ್ತರೆಂದರೆ ಅಬ್ರಹಾಮ, ಇಸಾಕ, ಯಾಕೋಬರ ಮನೆತನದವರು. ಎಣಿಕೆಗೆ ಸಿಗದಷ್ಟು ಸ್ವಲ್ಪ ಜನ, ಸ್ವಂತ ನೆಲವಿಲ್ಲದೆ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಅಲೆಯುತ್ತಿದ್ದ ಪರದೇಶಿಗಳು. ಎಚ್ಚರಿಕೆ ಹೇಳಿರುವುದು ಅವರನ್ನು ಪೀಡಿಸಬಹುದಾಗಿದ್ದ ಅರಸರಿಗೆ. ವಲಸೆ ಬಂದ ದುರ್ಬಲರನ್ನು ಬಲಾಢ್ಯರಿಂದ ಕಾಯುವ ಮಾತು ಅದು. ಅದೇ ಮಾತನ್ನು ಇಂದು ಬಲಾಢ್ಯರು ಹಿಡಿದು, ವಲಸೆ ಬಂದವರನ್ನೂ ಬಡವರನ್ನೂ ಸುಮ್ಮನಿರಿಸುತ್ತಿದ್ದಾರೆ. ಪರನಾಡಿನಲ್ಲಿ ಬದುಕುವ ನಮಗೆ ಇದಕ್ಕಿಂತ ಮುಖ್ಯವಾದ ವೇದಪಾಠ ಬೇರೊಂದಿರಲಾರದು.

ಎರಡನೆಯದು, ರೋಗಿಗೆ ಹಚ್ಚುವ ಎಣ್ಣೆ. ನಿಮ್ಮಲ್ಲಿ ಯಾರಿಗಾದರೂ ಕಾಯಿಲೆಯಾದರೆ ಸಭೆಯ ಹಿರಿಯರನ್ನು ಕರೆಸಿರಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬುದು ಯಾಕೋಬನ ಪತ್ರಿಕೆಯ ಸಲಹೆ. ಇಲ್ಲೊಂದು ಸೂಕ್ಷ್ಮವಿದೆ. ಅರಸನಿಗೂ ಯಾಜಕನಿಗೂ ಅಭಿಷೇಕ ಮಾಡುವುದಕ್ಕೆ ಗ್ರೀಕಿನಲ್ಲಿ ಒಂದು ಕ್ರಿಯಾಪದ. ಮೈಗೆ ಎಣ್ಣೆ ತಿಕ್ಕುವುದಕ್ಕೆ ಇನ್ನೊಂದು. ಯಾಕೋಬನು ಬಳಸಿದ್ದು ಎರಡನೆಯದನ್ನು. ನಮ್ಮ ಕನ್ನಡ ಸತ್ಯವೇದವೂ ಇಲ್ಲಿ ಅಭಿಷೇಕ ಎನ್ನದೆ ಎಣ್ಣೆ ಹಚ್ಚುವುದು ಎಂದೇ ಹೇಳುತ್ತದೆ. ಹಸುಗೂಸಿನ ನೆತ್ತಿಗೆ ಹರಳೆಣ್ಣೆ ಒತ್ತಿದ, ಬಾಣಂತಿಗೆ ಎಣ್ಣೆ ನೀರು ಎರೆದ ಕೈಗಳನ್ನು ಬಲ್ಲ ನಮಗೆ ಈ ಎಣ್ಣೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದು ಆರೈಕೆಯ ಎಣ್ಣೆ. ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಸಮಾರ್ಯದವನು ಹೊಯ್ದದ್ದೂ ಎಣ್ಣೆ ಮತ್ತು ದ್ರಾಕ್ಷಾರಸವನ್ನು. ಆಮೇಲೆ ಗಾಯ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿ, ಛತ್ರಕ್ಕೆ ಕೊಂಡೊಯ್ದು, ಖರ್ಚಿನ ಹಣವನ್ನು ತಾನೇ ತೆತ್ತ. ಅರಸ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯನೇ ಅಂಜೂರದ ಲೇಪ ಹಾಕಿಸಿದ. ಪೌಲನ ಜತೆ ಊರೂರು ತಿರುಗಿದ ಲೂಕನು ವೈದ್ಯನಾಗಿದ್ದ. ಪ್ರಾರ್ಥನೆಯೋ ಚಿಕಿತ್ಸೆಯೋ ಎಂಬ ಆಯ್ಕೆಯನ್ನು ಸತ್ಯವೇದ ನಮ್ಮ ಮುಂದೆ ಇಟ್ಟೇ ಇಲ್ಲ.

ನಮ್ಮ ನಾಡಿನ ಕ್ರೈಸ್ತ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಔಷಧ ಹಂಚಲು ತೊಡಗಿದರು. ಮುಂದೆ ಕುಷ್ಠರೋಗಿಗಳಿಗೂ ಆಸರೆ ಕಟ್ಟಿದರು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆಯಿತು. ಜನ ಅದನ್ನು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಕೆನ್ಯಾದಲ್ಲಿ ನೈರೋಬಿಯ ಹೊರವಲಯದ ಕಿಕುಯು ಆಸ್ಪತ್ರೆ, ರಿಫ್ಟ್ ಕಣಿವೆಯ ಅಂಚಿನ ಕಿಜಾಬೆ ಆಸ್ಪತ್ರೆ, ಇವೂ ಮಿಷನ್ನುಗಳ ಕೂಸುಗಳೇ. ಆ ಪಾದ್ರಿಗಳೂ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಿದ್ದರು. ಮರುಗಳಿಗೆ ರೋಗಿಯ ನಾಡಿ ಹಿಡಿಯುತ್ತಿದ್ದರು.

ಹಾಗಾದರೆ ಕೆಡುಕು ಎಲ್ಲಿ ಹೊಕ್ಕಿತು? ನನ್ನ ವೃತ್ತಿಯಲ್ಲಿ ಕಂಡ ಒಂದು ಪ್ರಕರಣವನ್ನು, ಗುರುತು ಸಿಗದಂತೆ, ಹೇಳುತ್ತೇನೆ. ಶಾಲಾ ಶಿಕ್ಷಕಿಯೊಬ್ಬರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ಇನ್ಸುಲಿನ್ ಬೇಕು. ಒಂದು ಪ್ರಾರ್ಥನಾ ಕೂಟದಲ್ಲಿ ಅವರ ಹಣೆಗೆ ಎಣ್ಣೆ ಹಚ್ಚಿದ ಬೋಧಕ, ಗುಣವಾಗಿದೆ, ನಂಬಿಕೆಯನ್ನು ಕ್ರಿಯೆಯಲ್ಲಿ ತೋರಿಸು ಎಂದ. ಅವರು ಇನ್ಸುಲಿನ್ ಸೀಸೆಗಳನ್ನು ಕಸದ ಬುಟ್ಟಿಗೆ ಹಾಕಿದರು. ಐದನೆಯ ದಿನ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಮನೆಯವರು ಅವರನ್ನು ಹೊತ್ತು ತಂದರು. ರಕ್ತ ಆಮ್ಲೀಯವಾಗಿತ್ತು, ಉಸಿರು ಏದುತ್ತಿತ್ತು. ತೀವ್ರ ನಿಗಾ ಘಟಕದಲ್ಲಿ ಹಲವು ದಿನ ಕಳೆದು ಬದುಕಿಕೊಂಡರು. ಎಚ್ಚರವಾದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಡಾಕ್ಟರೇ, ನನ್ನ ನಂಬಿಕೆ ಸಾಲಲಿಲ್ಲವೇ?"

ಇನ್ಸುಲಿನ್ ನಿಲ್ಲಿಸಿದ್ದಕ್ಕಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಗುಣವಾದರೆ ಎಣ್ಣೆಯ ಮಹಿಮೆ, ಆಗದಿದ್ದರೆ ರೋಗಿಯ ಅಪನಂಬಿಕೆ: ಈ ಲೆಕ್ಕದಲ್ಲಿ ಬೋಧಕನಿಗೆ ಎಂದೂ ನಷ್ಟವಿಲ್ಲ. ಕಾಯಿಲೆಯ ಹೊರೆಯ ಮೇಲೆ ತಪ್ಪಿತಸ್ಥ ಭಾವದ ಹೊರೆಯನ್ನೂ ರೋಗಿಯೇ ಹೊರಬೇಕು. ದೇವಾಲಯದ ಶಿಖರದಿಂದ ಧುಮುಕು, ದೂತರು ನಿನ್ನನ್ನು ಎತ್ತಿಕೊಳ್ಳುವರು ಎಂದು ಸೈತಾನನು ಯೇಸುವಿಗೆ ವೇದವಾಕ್ಯವನ್ನೇ ಉದಾಹರಿಸಿ ಹೇಳಿದ ಪ್ರಸಂಗ ನೆನಪಾಗುತ್ತದೆ. ಯೇಸು ಧುಮುಕಲಿಲ್ಲ, ಅದನ್ನು ನಂಬಿಕೆಯೆಂದು ಒಪ್ಪಲಿಲ್ಲ, ದೇವರನ್ನು ಪರೀಕ್ಷಿಸುವುದೆಂದು ನಿರಾಕರಿಸಿದ. ಔಷಧ ಎಸೆಯುವುದೂ ಅದೇ ಶಿಖರದಿಂದ ಧುಮುಕುವಂಥದ್ದು.

ಆ ಶಿಕ್ಷಕಿಗೆ ನಾನು ಹೇಳಿದ್ದು ಎರಡನೆಯ ಅರಸುಗಳ ಗ್ರಂಥದಲ್ಲಿ ಬರುವ ನಾಮಾನನ ಕಥೆಯನ್ನು. ಅರಾಮ್ ದೇಶದ ದಂಡನಾಯಕ, ಕುಷ್ಠರೋಗಿ. ಮನೆಗೆ ಸೆರೆಯಾಳಾಗಿ ಬಂದಿದ್ದ ಪರದೇಶದ ಪುಟ್ಟ ಹುಡುಗಿಯ ಮಾತು ಕೇಳಿ ಎಲೀಷನ ಬಳಿಗೆ ಹೋಗುತ್ತಾನೆ. ಪ್ರವಾದಿ ಹೊರಗೆ ಬಂದು ಕೈಯಾಡಿಸಿ ಪವಾಡ ಮಾಡುವನೆಂದು ಅವನ ನಿರೀಕ್ಷೆ. ಎಲೀಷನು ಹೊರಗೇ ಬರುವುದಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಹೇಳಿ ಕಳುಹಿಸುತ್ತಾನೆ. ನಾಮಾನನಿಗೆ ಸಿಟ್ಟು. ಕಡೆಗೆ ಸೇವಕರು ಸಮಾಧಾನ ಹೇಳಿದ ಮೇಲೆ ಮುಳುಗುತ್ತಾನೆ. ವಿಧೇಯತೆ ಎಂದರೆ ಇದು: ಆಡಂಬರವಿಲ್ಲದ, ಬೇಸರ ತರಿಸುವ, ಎಣಿಸಿ ಏಳು ಸಲ ಮಾಡಬೇಕಾದ ಕೆಲಸವನ್ನು ತಪ್ಪದೆ ಮಾಡುವುದು. ದಿನವೂ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿಕೊಳ್ಳುವುದೂ, ಕ್ಷಯದ ಮಾತ್ರೆಯನ್ನು ಆರು ತಿಂಗಳು ಬಿಡದೆ ನುಂಗುವುದೂ ನನ್ನ ಪಾಲಿಗೆ ಅಂಥ ವಿಧೇಯತೆಯೇ. ಕಥೆಯ ಕೊನೆಯನ್ನೂ ಮರೆಯಬಾರದು. ನಾಮಾನನು ಕೊಡಬಂದ ಕಾಣಿಕೆಯನ್ನು ಎಲೀಷನು ಮುಟ್ಟಲಿಲ್ಲ. ಅವನ ಆಳು ಗೇಹಜಿ ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ ಬೆಳ್ಳಿ ಪಡೆದ. ನಾಮಾನನ ಕುಷ್ಠ ಅವನಿಗೆ ತಗಲಿತು.

ಇಲ್ಲಿ ಗೇಹಜಿಗಳಿಗೆ ಕೊರತೆಯಿಲ್ಲ. ಟಿವಿಯ ಪರದೆಯ ಕೆಳಗೆ ಮೊಬೈಲ್ ಹಣದ ಎಂ-ಪೆಸಾ ಸಂಖ್ಯೆ ಹರಿಯುತ್ತಿರುತ್ತದೆ. 'ಬೀಜ ಬಿತ್ತು' ಎನ್ನುತ್ತಾರೆ, ಬೀಜವೆಂದರೆ ಹಣ. 2014ರಲ್ಲಿ ಇಲ್ಲಿನ ಟಿವಿ ವಾಹಿನಿಯೊಂದು ಒಬ್ಬ ಬೋಧಕನ ಕೈಚಳಕವನ್ನು ಬಯಲಿಗೆಳೆಯಿತು. ಭಕ್ತರ ಕಾಲು ತೊಳೆದ ನೀರು ರಕ್ತದಂತೆ ಕೆಂಪಾಗುತ್ತಿದ್ದದ್ದು ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ. ಪ್ರಾರ್ಥನೆಗೆ ಕೇಳುತ್ತಿದ್ದ ಬೀಜ 310 ಶಿಲ್ಲಿಂಗ್. ನಮ್ಮೂರ ಬಾವಿಗಳಿಗೆ ಹಾಕುತ್ತಿದ್ದ ಆ ನೇರಳೆ ಹರಳುಗಳನ್ನು ಹಿರಿಯ ಓದುಗರು ಬಲ್ಲರು.

ಆದರೂ ಜನರನ್ನು ಮೂಢರೆಂದು ಜರೆಯುವುದು ಸುಲಭ, ನ್ಯಾಯವಲ್ಲ. 2016ರ ಡಿಸೆಂಬರ್‌ನಿಂದ 2017ರ ಮಾರ್ಚ್‌ವರೆಗೆ ಕೆನ್ಯಾದ ಸರ್ಕಾರಿ ವೈದ್ಯರು 100 ದಿನ ಮುಷ್ಕರ ಹೂಡಿದರು; ಅದೇ ವರ್ಷ ದಾದಿಯರ ಮುಷ್ಕರ ಸುಮಾರು ಐದು ತಿಂಗಳು ನಡೆಯಿತು. ಅವರ ಬೇಡಿಕೆಗಳು ಅನ್ಯಾಯದವಾಗಿರಲಿಲ್ಲ. ಆದರೆ ಆಸ್ಪತ್ರೆಯ ಬಾಗಿಲು ಮುಚ್ಚಿದ್ದಾಗ ತೆರೆದಿದ್ದ ಬಾಗಿಲು ಯಾವುದು? ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಹೆದರಿದವನು, ವೈದ್ಯರ ಐದು ನಿಮಿಷಕ್ಕಾಗಿ ಐದು ಗಂಟೆ ಕಾದವನು, ತನ್ನ ಹೆಸರು ಹಿಡಿದು ಕರೆದು ತಲೆಯ ಮೇಲೆ ಕೈಯಿಡುವವನ ಬಳಿಗೆ ಹೋದರೆ ಅಚ್ಚರಿಯಿಲ್ಲ. ವೈದ್ಯಕೀಯ ಬಿಟ್ಟ ಜಾಗವನ್ನೇ ಸೀಸೆಯ ಎಣ್ಣೆ ತುಂಬುತ್ತದೆ.

ಮೂರನೆಯದಾದ ವಿಧೇಯತೆ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಕೆನ್ಯಾ 2023ರ ಏಪ್ರಿಲ್‌ನಲ್ಲಿ ಕಂಡಿತು. ಕರಾವಳಿಯ ಕಿಲಿಫಿ ಕೌಂಟಿಯ ಶಾಕಾಹೋಲಾ ಕಾಡಿನಲ್ಲಿ ಅಗೆದಷ್ಟೂ ಗೋರಿಗಳು. ಮುಂದಿನ ತಿಂಗಳುಗಳಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆದರು. ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುವಿರೆಂದು ಬೋಧಕ ಪಾಲ್ ಮೆಕೆಂಜಿ ತನ್ನ ಹಿಂಬಾಲಕರಿಗೆ ಬೋಧಿಸಿದನೆಂಬುದು ಆರೋಪ. ಆತ ಆರೋಪಗಳನ್ನು ಅಲ್ಲಗಳೆದಿದ್ದಾನೆ. ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ. ಶವಪರೀಕ್ಷೆಗಳಲ್ಲಿ ಹಸಿವು ಸಾವಿನ ಮುಖ್ಯ ಕಾರಣವೆಂದು ಕಂಡುಬಂದರೂ, ಕೆಲವು ಮಕ್ಕಳನ್ನು ಉಸಿರುಗಟ್ಟಿಸಿದ ಗುರುತುಗಳೂ ಇದ್ದವು. ಹಿಂಬಾಲಕರಲ್ಲಿ ಸುಶಿಕ್ಷಿತರೂ ಇದ್ದರೆಂದು ಪತ್ರಿಕೆಗಳು ಬರೆದವು. ಅಷ್ಟಾದರೂ 2025ರಲ್ಲಿ ಅದೇ ಸೀಮೆಯ ಕ್ವಾ ಬಿಂಜಾರೊ ಎಂಬಲ್ಲಿ ಮತ್ತೆ ಗೋರಿಗಳು ಸಿಕ್ಕವು.

ಯಾವ ಉಪವಾಸ ಇದು? ಉಪವಾಸ ಮಾಡುವಾಗ ಮುಖ ತೊಳೆದುಕೊಂಡು ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಯಾರಿಗೂ ತೋರಿಸಿಕೊಳ್ಳಬೇಡಿ ಎಂಬುದು ಯೇಸುವಿನ ಬೋಧನೆ. ಹಸಿದವನಿಗೆ ನಿನ್ನ ರೊಟ್ಟಿಯನ್ನು ಹಂಚುವುದೇ ದೇವರಿಗೆ ಮೆಚ್ಚುಗೆಯಾದ ಉಪವಾಸ ಎಂಬುದು ಯೆಶಾಯನ 58ನೆಯ ಅಧ್ಯಾಯದ ಸಾರ. ಮಗುವಿನ ಬಾಯಿಂದ ರೊಟ್ಟಿ ಕಸಿಯುವ ಉಪವಾಸ ಸತ್ಯವೇದದಲ್ಲಿಲ್ಲ. ಇನ್ನು ವಿಧೇಯತೆಯ ಮಾತು. ಯಜ್ಞಕ್ಕಿಂತ ವಿಧೇಯತೆ ಮೇಲು ಎಂದು ಸಮುವೇಲನು ಸೌಲನಿಗೆ ಹೇಳಿದ್ದು ನಿಜ. ಆದರೆ ಅದು ದೇವರಿಗೆ ತೋರಬೇಕಾದ ವಿಧೇಯತೆ. ಆ ಮಾತು ಕೇಳಿಸಿಕೊಂಡು ಗದರಿಸಿಕೊಂಡವನು ಅಧಿಕಾರದಲ್ಲಿದ್ದ ಅರಸ. ವಿಮೋಚನಕಾಂಡದ ಆರಂಭದಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಬರುತ್ತಾರೆ. ಗಂಡುಕೂಸುಗಳನ್ನು ಕೊಲ್ಲಿರೆಂಬ ಫರೋಹನ ಆಜ್ಞೆಯನ್ನು ಅವರು ಮೀರಿದರು, ಏಕೆಂದರೆ ಅವರು ದೇವರಿಗೆ ಹೆದರುವವರಾಗಿದ್ದರು. ನನ್ನ ವೃತ್ತಿಯ ಪೂರ್ವಜರೆಂದು ನಾನು ಎಣಿಸುವುದು ಅವರನ್ನು. ಜೀವ ಉಳಿಸುವುದಕ್ಕಾಗಿ ಆಜ್ಞೆ ಮೀರುವುದೂ ವಿಧೇಯತೆಯೇ ಎಂದು ಕಲಿಸಿದವರು ಅವರು. ಬೆರೋಯದ ಜನರು ಪೌಲನ ಬೋಧನೆಯನ್ನೂ ಹಾಗೆಯೇ ನುಂಗದೆ, ದಿನವೂ ಗ್ರಂಥ ತೆರೆದು ಪರೀಕ್ಷಿಸಿದರೆಂದು ಅಪೊಸ್ತಲರ ಕೃತ್ಯಗಳು ಅವರನ್ನು ಹೊಗಳುತ್ತದೆ.

ಸರ್ಕಾರ ಏನು ಮಾಡಬೇಕು? 2014ರಲ್ಲಿ ಹೊಸ ಸಭೆಗಳ ನೋಂದಣಿಯನ್ನು ತಡೆಹಿಡಿಯಲಾಯಿತು. ಬಳಿಕ ಬೋಧಕರಿಗೆ ದೇವಶಾಸ್ತ್ರದ ಪ್ರಮಾಣಪತ್ರ ಕಡ್ಡಾಯ ಮಾಡುವ ನಿಯಮಗಳ ಕರಡು ಬಂತು. ಸಭೆಗಳು ವಿರೋಧಿಸಿದ್ದರಿಂದ 2016ರಲ್ಲಿ ಅದನ್ನು ಕೈಬಿಟ್ಟರು. ಶಾಕಾಹೋಲಾದ ನಂತರ ಕಾರ್ಯಪಡೆಯೊಂದು ಮತ್ತೆ ಶಿಫಾರಸುಗಳನ್ನು ಕೊಟ್ಟಿದೆ. ನನ್ನ ಅಭಿಪ್ರಾಯದಲ್ಲಿ, ಯಾರು ಬೋಧಿಸಬೇಕೆಂದು ಸರ್ಕಾರ ತೀರ್ಮಾನಿಸುವುದು ಅಪಾಯಕಾರಿ; ಪ್ರಮಾಣಪತ್ರವುಳ್ಳವರೂ ವಂಚಿಸಬಲ್ಲರು. ಆದರೆ ಮಗುವಿಗೆ ಚಿಕಿತ್ಸೆ, ಅನ್ನ, ಶಾಲೆ ತಪ್ಪಿದಾಗ ಸರ್ಕಾರ ಒಳಗೆ ಕಾಲಿಡಲೇಬೇಕು. ಕೆನ್ಯಾದ 2022ರ ಮಕ್ಕಳ ಕಾಯ್ದೆ ಆರೋಗ್ಯವನ್ನು ಮಗುವಿನ ಹಕ್ಕೆಂದು ಒಪ್ಪಿದೆ. ದೊಡ್ಡವರ ನಂಬಿಕೆ ದೊಡ್ಡವರದು. ಅದರ ಬೆಲೆಯನ್ನು ಮಗು ತೆರಬಾರದು.

ಈಗ ಹೊರನಾಡಿಗೆ ಹೊರಟಿರುವ ತರುಣರಿಗೆ, ಅವರನ್ನು ಕಳುಹಿಸುವ ಹಿರಿಯರಿಗೆ ನಾಲ್ಕು ಮಾತು. ಕರ್ನಾಟಕದಿಂದ ಬಂದ ಒಬ್ಬ ಯುವ ದಾದಿಯ ತಾಯಿ ಒಮ್ಮೆ ನನಗೆ ಫೋನ್ ಮಾಡಿದ್ದರು. "ಡಾಕ್ಟರೇ, ಮಗಳು ಆರು ತಿಂಗಳಿಂದ ದುಡ್ಡು ಕಳಿಸಿಲ್ಲ, ಕೇಳಿದ್ರೆ ಸಿಡುಕ್ತಾಳೆ" ಎಂದರು. ಆಕೆಯ ಕೆಲಸದ ಪರವಾನಗಿ ನವೀಕರಣ ತಡವಾಗಿತ್ತು; ಅದಕ್ಕೆಂದು ಒಬ್ಬ ಬೋಧಕನಿಗೆ ಸಂಬಳದ ಅರ್ಧ 'ಬೀಜ'ವಾಗಿ ಹೋಗುತ್ತಿತ್ತು. ಊರವರಿಗೆ ಹೇಳಿದರೆ ಅಭಿಷೇಕ ಕಳೆದುಹೋಗುವುದೆಂದು ಆತ ಹೆದರಿಸಿದ್ದ. ಆಕೆ ದಡ್ಡಳಲ್ಲ. ಪರ ಊರಿನಲ್ಲಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದ ಮೊದಲ ಮನೆ ಅದು. ಒಂಟಿತನಕ್ಕೆ ಅನ್ನ ಹಾಕಿದವರಿಗೆ ಮನಸ್ಸು ತಾನಾಗಿ ವಿಧೇಯವಾಗುತ್ತದೆ.

ವೀಸಾಕ್ಕಾಗಿ ಪ್ರಾರ್ಥಿಸುವುದು ತಪ್ಪಲ್ಲ. ಹೈದರಾಬಾದಿನ ಬಳಿಯ ಚಿಲ್ಕೂರು ಬಾಲಾಜಿಗೆ 108 ಸುತ್ತು ಬರುವವರನ್ನೂ ನಾವು ಬಲ್ಲೆವು. ಹೊರಡುವವರ ಎದೆಯ ಅಳುಕಿಗೆ ಜಾತಿ ಮತಗಳಿಲ್ಲ. ಆದರೆ ಇಷ್ಟನ್ನು ನೋಡಿಕೊಳ್ಳಿ. ಪ್ರಾರ್ಥಿಸುವವರು ಮೊತ್ತ ಗೊತ್ತುಮಾಡಿದರೆ ಎದ್ದುಬನ್ನಿ. ಔಷಧ ನಿಲ್ಲಿಸು ಎಂದರೆ, ಹೇಳಿದವರು ಯಾರೇ ಆಗಿರಲಿ, ಮೊದಲು ವೈದ್ಯರನ್ನು ಕೇಳಿ. ಮನೆಯವರಿಗೆ ಹೇಳಬೇಡ ಎಂದರೆ ಅಂದೇ ಮನೆಗೆ ಫೋನ್ ಮಾಡಿ. ಪ್ರಶ್ನೆ ಕೇಳಿದ್ದಕ್ಕೆ ಶಾಪದ ಭಯ ತೋರಿಸಿದರೆ ಅಲ್ಲಿಗೆ ಮತ್ತೆ ಹೋಗಬೇಡಿ. ಲೆಕ್ಕಪತ್ರ ಓದಿ ಹೇಳುವ, ಕಾಯಿಲೆಯಾದಾಗ ಆಸ್ಪತ್ರೆಗೆ ಜತೆಗೆ ಬರುವ ಒಳ್ಳೆಯ ಸಭೆಗಳೂ ನೈರೋಬಿಯಲ್ಲಿ ಬೇಕಾದಷ್ಟಿವೆ. ನನ್ನ ರೋಗಿಗಳ ಹಾಸಿಗೆಯ ಪಕ್ಕ ನಿಂತು ಪ್ರಾರ್ಥಿಸಿ, ಆಮೇಲೆ "ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳುವ ಪಾದ್ರಿಗಳನ್ನು ನಾನು ಬಹಳ ಗೌರವಿಸುತ್ತೇನೆ. ಅವರು ಹಚ್ಚುವ ಎಣ್ಣೆಗೆ ನಾನೂ ತಲೆಬಾಗುತ್ತೇನೆ.

ಊರಿನಲ್ಲಿರುವ ತಂದೆತಾಯಂದಿರೇ, ಮಕ್ಕಳಿಗೆ ಫೋನ್ ಮಾಡಿದಾಗ ಸಂಬಳ ಎಷ್ಟು, ಚಳಿ ಎಷ್ಟು ಎಂದು ಕೇಳುತ್ತೀರಿ. ಅದರ ಜತೆಗೆ ರಜೆಯ ದಿನ ಯಾರ ಮನೆಗೆ ಹೋಗುತ್ತೀ, ಮೈಗೆ ಹುಷಾರಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಮಾತ್ರೆ ಮುಗಿಯುತ್ತ ಬಂದಿದೆಯೇ ಎಂದೂ ಕೇಳಿ. ಉತ್ತರ ತಡವರಿಸಿದರೆ ಗದರಬೇಡಿ, ಮರುದಿನ ಮತ್ತೆ ಫೋನ್ ಮಾಡಿ.